ನಾಟಿ ಹಸುವಿನ ಹಾಲೂ ನನ್ನ ಹೊಟ್ಟೆಯೂ

ಬಸ್ಸು ಯಾವಾಗ ಹೊರಡುತ್ತದೆ ಅನ್ನುವುದು ನನಗಿಂತ ನನ್ನ ಹೊಟ್ಟೆಗೆ ಚೆನ್ನಾಗಿ ಗೊತ್ತಿತ್ತು. ಬಾಗೂರಿನ ಹತ್ತಿರದ ನಮ್ಮೂರಿಂದ ಚನ್ನರಾಯಪಟ್ಟಣಕ್ಕೆ ಬಂದು, ಅಲ್ಲಿ ಹೊಳೆನರಸೀಪುರದ ಬಸ್ಸು ಹತ್ತಿ ಕೂತರೆ ಸಾಕು, ಒಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ ಆಗುತ್ತಿತ್ತು. ಹೊಳೆನರಸೀಪುರದ ಹೈಸ್ಕೂಲೊಂದರಲ್ಲಿ ನಾನು ಸಮಾಜ ಪಾಠ ಹೇಳುವ ಮೇಡಂ. ಎರಡು ಸಲ ನಡುದಾರಿಯಲ್ಲಿ ಇಳಿದು, ಗುರುತಿಲ್ಲದವರ ಮನೆ ಬಾಗಿಲು ತಟ್ಟಿ ಕಕ್ಕಸು ಕೇಳಿದ್ದೇನೆ. ಮಾನ ಹೋಗುವುದು ಅಂದರೆ ಏನು ಅಂತ ನನ್ನನ್ನು ಕೇಳಿ. ಕೆಲಸ ಬಿಟ್ಟುಬಿಡೋಣ ಅನ್ನುವ ತನಕ ಬಂದಿದ್ದೆ.

ಹಾಸನದ ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, ಕರುಳು ಚೆನ್ನಾಗಿಯೇ ಇದೆ, ಆದರೆ ಬಹಳ ಸಿಡುಕಿನದು ಅಂದರು. ಚೀಟಿಯಲ್ಲಿ ಐಬಿಎಸ್ ಅಂತ ಬರೆದರು. ನನ್ನದೇ ಕರುಳಲ್ಲವೇ, ಇನ್ನು ಹೇಗಿದ್ದೀತು ಅಂದುಕೊಂಡೆ. ಹಾಲು ಕುಡಿದ ದಿನ ಹೆಚ್ಚಾಗುತ್ತದೆಯೇ ನೋಡಿ ಅಂದರು. ನೋಡಿದೆ. ಪ್ಯಾಕೆಟ್ ಹಾಲಿನ ಕಾಫಿಗೆ ಹೊಟ್ಟೆಯುಬ್ಬರ. ನಮ್ಮ ಕೊಟ್ಟಿಗೆಯ ಸೀಮೆಹಸುವಿನ ಹಾಲಿಗೆ ಉಬ್ಬರದ ಜೊತೆ ಓಟ. ಮಜ್ಜಿಗೆ ಮಾತ್ರ ತಕರಾರಿಲ್ಲದೆ ಇಳಿಯುತ್ತಿತ್ತು.

ಇದನ್ನೆಲ್ಲ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದವರು ನನ್ನ ಅತ್ತೆ. "ಸೀಮೆಹಸೀನ ಹಾಲು ಒಂದು ಹಾಲೇನವ್ವಾ? ಅದು ಡೈರಿಗೆ ಸರಿ. ನಾಟಿ ಹಸೀಂದು ಕುಡುದ್ನೋಡು, ಒಟ್ಟೆ ಅಂಗೆ ತಣ್ಣಗಾಯ್ತದೆ," ಅಂದರು. ಅಂದು ಸುಮ್ಮನಾಗಲಿಲ್ಲ. ಅರಕಲಗೂಡಿನ ಕಡೆಯ ನೆಂಟರಿಂದ, ಹೊಸದಾಗಿ ಕರು ಹಾಕಿದ್ದ ಒಂದು ನಾಟಿ ಹಸುವನ್ನು ಕರುವಿನ ಸಮೇತ ಟೆಂಪೋದಲ್ಲಿ ತರಿಸಿಯೇಬಿಟ್ಟರು. ಡಾಕ್ಟರನ್ನು ಕೇಳಿದರೆ ನಕ್ಕರು. ಹಾಲಿನಲ್ಲಿರುವ ಸಕ್ಕರೆ ಎರಡರಲ್ಲೂ ಒಂದೇ, ಪ್ರೋಟೀನಿನಲ್ಲಿ ಸ್ವಲ್ಪ ವ್ಯತ್ಯಾಸ, ಕೆಲವರಿಗೆ ಒಗ್ಗುತ್ತದೆ, ಎಲ್ಲರಿಗೂ ಅಲ್ಲ, ಕುಡಿದು ನೋಡಿ ಅಂದರು.

ನಾಟಿ ಹಸು ಕರು ಬಿಡದೆ ಹಾಲು ಇಳಿಸುವುದಿಲ್ಲ. ಮೊದಲು ಕರು ಬಾಯಿ ಹಾಕಬೇಕು, ಆಮೇಲೆ ಅದನ್ನು ಎಳೆದು ತಾಯಿಯ ಮೂತಿಯ ಹತ್ತಿರ ಕಟ್ಟಿ ಕರೆಯಬೇಕು. ಅತ್ತೆಯದೊಂದು ಕಟ್ಟುಪಾಡಿತ್ತು: ಎರಡು ಮೊಲೆ ಮನೆಗೆ, ಎರಡು ಕರುವಿಗೆ. ಕರುವಿನ ಪಾಲು ಮುಟ್ಟಿದ ಮನೆ ಏಳಿಗೆಯಾಗುವುದಿಲ್ಲ ಎಂದು ಅವರ ತಾಯಿ ಹೇಳಿಕೊಟ್ಟಿದ್ದರಂತೆ.

ಆ ಚಳಿಗಾಲ ನನಗೆ ಈಗಲೂ ಅರೆನಿದ್ದೆಯಲ್ಲಿ ಕಂಡದ್ದರ ಹಾಗೆಯೇ ಉಳಿದಿದೆ. ಹೊರಗೆ ಮಂಜು. ಕೊಟ್ಟಿಗೆಯಿಂದ ತಂಬಿಗೆಗೆ ಹಾಲು ಬೀಳುವ ಸದ್ದು. ನಡುನಡುವೆ ಕರು ಕೂಗುವುದು ಕನಸಿನೊಳಗೇ ಬಂದು ಹೋಗುತ್ತಿತ್ತು. ಕಣ್ಣು ಬಿಡುವ ಹೊತ್ತಿಗೆ ಲೋಟದಲ್ಲಿ ಹಾಲು, ಅದರ ಮೇಲೆ ತೆಳು ಕೆನೆ. ಕುಡಿದು ಬಸ್ಸು ಹತ್ತಿದರೆ ತೆಂಗಿನ ತೋಟಗಳು, ಕೆರೆ ಏರಿ, ರಾಗಿ ಕೊಯ್ದ ಹೊಲಗಳು ತಾವೇ ತೇಲಿಕೊಂಡು ಹಿಂದಕ್ಕೆ ಹೋಗುತ್ತಿದ್ದವು. ಎಷ್ಟೋ ಸಲ ಹೊಳೆನರಸೀಪುರ ಬಂದದ್ದೇ ತಿಳಿಯಲಿಲ್ಲ, ಕಂಡಕ್ಟರು ಕೂಗಿ ಎಬ್ಬಿಸಿದರು. ಹೊಟ್ಟೆಯೊಂದಿದೆ ಎನ್ನುವುದೇ ಮರೆತುಹೋಗುವ ಸುಖ, ಹೊಟ್ಟೆ ಸರಿಯಿದ್ದವರಿಗೆ ಅರ್ಥವಾಗುವುದಿಲ್ಲ.

"ತಣ್ಣಗಿದೆ ಅತ್ತೆ," ಅಂದದ್ದೇ ತಪ್ಪಾಯಿತೇನೋ. ಒಂದು ಲೋಟ ಎರಡಾಯಿತು. ಆಮೇಲೆ ಮಧ್ಯಾಹ್ನದ ಡಬ್ಬಿಗೆ ಅದೇ ಹಾಲಿನ ಮೊಸರು ಬಂತು. ಇಷ್ಟು ಹಾಲು ಎಲ್ಲಿಂದ ಬರುತ್ತಿದೆ ಅಂತ ನಾನು ಕೇಳಲಿಲ್ಲ. ಕುಡಿದೆ.

ಒಂದು ಭಾನುವಾರ ಬೇಗ ಎಚ್ಚರವಾಗಿ ಕೊಟ್ಟಿಗೆಗೆ ಹೋದೆ. ಅತ್ತೆ ನಾಲ್ಕನೆಯ ಮೊಲೆ ಹಿಂಡುತ್ತಿದ್ದರು. ಎದುರಿಗೆ ಕಟ್ಟಿದ್ದ ಕರುವಿನ ಪಕ್ಕೆಲುಬು ಎಣಿಸಬಹುದಿತ್ತು. ಬಿಚ್ಚಿದ ಕೂಡಲೇ ಓಡಿಬಂದು ಬತ್ತಿದ ಕೆಚ್ಚಲಿಗೆ ತಲೆಯಿಂದ ಗುದ್ದಿ ಗುದ್ದಿ ಸೋತು, ತಾಯಿಯ ಕೊರಳಡಿ ಜೋಲುವ ಗಂಗೆದೊಗಲನ್ನೇ ಚೀಪತೊಡಗಿತು. ನನಗೆ ನನ್ನ ಬಗ್ಗೆಯೇ ಅಸಹ್ಯವಾಯಿತು.

"ಅತ್ತೆ, ಕರುವಿಗೆ?"

"ಅದು ಉಲ್ಲು ಕಚ್ಚಕ್ಕೆ ಕಲ್ತದೆ, ಬದುಕ್ಕತ್ತದೆ. ನೀನು ಬಸ್ನಲ್ಲಿ ಒದ್ದಾಡ್ಬೇಡ."

"ಮನೆಗೆ ಏಳಿಗೆ ಇಲ್ಲ ಅಂತಿದ್ರಲ್ಲ?"

"ಪಾಪ ಬಂದ್ರೆ ನಂಗೆ ಬರ್ಲಿ ಕಣವ್ವಾ. ನಂಗಿನ್ನೆಷ್ಟು ದಿನ," ಅಂದು ತಂಬಿಗೆ ಎತ್ತಿಕೊಂಡು ಒಳಗೆ ಹೋದರು.

ಮೂರು ದಿನ ಜಗಳವಾಡಿದೆ. ಒಂದು ಲೋಟ ಸಾಕು ಅಂದೆ, ಬರೀ ಮಜ್ಜಿಗೆ ಸಾಕು ಅಂದೆ. ಅತ್ತೆಯದು ಒಂದೇ ಹಟ: ಮೊದಲು ಸೊಸೆ ಗೆಲುವಾಗಲಿ, ಕರು ಹುಲ್ಲು ತಿಂದು ತಾನಾಗಿ ಗೆಲುವಾಗುತ್ತದೆ. ನಾಲ್ಕನೆಯ ದಿನ ಕೊಟ್ಟಿಗೆಯಲ್ಲಿ, ಅವರು ಕರೆಯಲು ಕೂರುವ ಮೊದಲೇ, ಸುಳ್ಳು ಹೇಳಿದೆ.

"ಅತ್ತೆ, ಈ ಹಾಲೂ ಆಗ್ತಿಲ್ಲ. ಎರಡು ದಿನದಿಂದ ಬಸ್ಸಲ್ಲಿ ಜೀವ ಹೋಗ್ತಿದೆ."

ಅವರ ಮುಖ ಬಾಡಿಹೋಯಿತು. ಅಷ್ಟು ದೂರದಿಂದ ಹಸು ತರಿಸಿದ್ದು, ತಮ್ಮ ತಾಯಿಯ ಮಾತು ಮೀರಿದ್ದು, ಎಲ್ಲ ಆ ಮುಖದಲ್ಲಿ ಕಂಡಿತು. ಅದನ್ನು ನೋಡುತ್ತಿದ್ದ ಹಾಗೇ ನನ್ನ ಕಿಬ್ಬೊಟ್ಟೆ ನಿಜವಾಗಿ ಮುರಿಯತೊಡಗಿತು. ಹಾಲು ಇನ್ನೂ ಕೆಚ್ಚಲಲ್ಲೇ ಇತ್ತು, ಒಂದು ಗುಟುಕೂ ಕುಡಿದಿರಲಿಲ್ಲ. ಹಿತ್ತಲಿಗೆ ಓಡಿದೆ. ತಿಂಗಳುಗಳಿಂದ ನನ್ನನ್ನು ತಣ್ಣಗಿಟ್ಟದ್ದು ಆ ಹಾಲೋ, ಅದನ್ನು ತಂದುಕೊಡುತ್ತಿದ್ದ ಕೈಯೋ, ಅಲ್ಲಿ ಕೂತು ಯೋಚಿಸಿದರೂ ಗೊತ್ತಾಗಲಿಲ್ಲ.

ಮುಖ ತೊಳೆದು ಬಂದಾಗ ಅತ್ತೆ ಕರುವನ್ನು ಬಿಚ್ಚಿಬಿಟ್ಟಿದ್ದರು. ಅದು ನಾಲ್ಕೂ ಮೊಲೆ ಬದಲಾಯಿಸಿ ಬದಲಾಯಿಸಿ ಕುಡಿಯುತ್ತಿತ್ತು, ಕಟವಾಯಿಯಲ್ಲಿ ನೊರೆ. ಅತ್ತೆ ಖಾಲಿ ತಂಬಿಗೆ ಹಿಡಿದು ನಿಂತಿದ್ದರು.

"ನಾನೇ ನಿನ್ನ ಒಟ್ಟೆ ಕೆಡಿಸ್ಬುಟ್ಟೆ ಕಣವ್ವಾ," ಅಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಇಲ್ಲ ಅತ್ತೆ, ನಿಮ್ಮಿಂದಲ್ಲ ಅನ್ನಬೇಕಿತ್ತು. ಆದರೆ ಅಂದಿದ್ದರೆ ಮಾರನೆಯ ಬೆಳಿಗ್ಗೆಯೇ ಕರುವನ್ನು ಮತ್ತೆ ಎಳೆದು ಕಟ್ಟುತ್ತಿದ್ದರು.