ಗದ್ದೆಮ್ಮನ ತಿಪ್ಪೆಯಲ್ಲಿ ಕಾಲಿಲ್ಲದ ಹಾವರಾಣಿ

ಮಾನ್ವಿ ತಾಲ್ಲೂಕಿನ ಮಲ್ಲಟದಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಗದ್ದೆಮ್ಮ ಸೀರೆ ಎತ್ತಿ ಕಟ್ಟಿ ತಿಪ್ಪೆಗುಂಡಿಗೆ ಇಳಿದಿದ್ದಾರೆ. ಸಲಿಕೆ ಮಾತ್ರ ದಂಡೆಯ ಮೇಲೇ ಇದೆ. ಬರಿಗೈಯಲ್ಲಿ ಗೊಬ್ಬರದ ಮೇಲ್ಪದರ ಬಿಡಿಸಿ, ಸುಮ್ಮನೆ ಕಾಯುತ್ತಾರೆ. ಬಂಡಿ ತಂದು ನಿಲ್ಲಿಸಿದ ಹುಸೇನಪೀರನಿಗೆ ತಾಳ್ಮೆ ಕಡಿಮೆ. "ಇಕಿ ತಿಪ್ಪಿ ತಗಿಯೋದಂದ್ರ ಮಲಗಿದ ಕೂಸಿನ್ನ ಎಬ್ಬಿಸಿದಂಗ್ರೀ" ಎಂದು ಕಾಲೆಳೆಯುತ್ತಾನೆ.

ಅಷ್ಟರಲ್ಲಿ ಗೊಬ್ಬರದೊಳಗಿಂದ ಬೆರಳುದಪ್ಪದ ಕಂದು ಜೀವವೊಂದು ನುಸುಳುತ್ತದೆ. ರಾಯಚೂರಿನ ಓಣಿಯಲ್ಲಿ ಬೆಳೆದ ನಾನು ಹಾವೆಂದು ಹಿಂದಕ್ಕೆ ಜಿಗಿಯುತ್ತೇನೆ. ಅದು ಹಾವಲ್ಲ, ಹಲ್ಲಿಯ ಕುಲದ ಕಾಲಿಲ್ಲದ ಹಾವರಾಣಿ. ಗದ್ದೆಮ್ಮ ಅದನ್ನು ಬೊಗಸೆಯಲ್ಲಿ ಎತ್ತಿ ಗುಂಡಿಯ ಮೂಲೆಗೆ ಬಿಡುತ್ತಾರೆ. ಆಮೇಲಷ್ಟೇ ಸಲಿಕೆ.

ಗದ್ದೆಮ್ಮನ ತವರು ದೇವದುರ್ಗದ ಕಡೆ. ಮದುವೆಯಾಗಿ ಬಂದಾಗಿನಿಂದ ಊರವರ ತಿಪ್ಪೆಗಳನ್ನು ಬಂಡಿಗೆ ತುಂಬುವುದೇ ದುಡಿಮೆ. ಬೇಸಿಗೆಯಲ್ಲಿ ದಿನಕ್ಕೆ ಆರೇಳು ಬಂಡಿ. ಸಿರವಾರದ ಪೇಟೆಗೆ ಹೋಗುವ ಭತ್ತದಲ್ಲಿ ಈಕೆಯ ಬೆವರೂ ಇದೆ, ಕೇಳುವವರಿಲ್ಲ. ಅದಕ್ಕಾಗಿ ಅವರೇನೂ ಮುಖ ಸಣ್ಣ ಮಾಡಿಕೊಂಡಿಲ್ಲ.

ಸಲಿಕೆಗಿಂತ ಮೊದಲು ಕೈ ಹಾಕುವ ರೂಢಿ ಒಂಬತ್ತು ವರ್ಷದ ಹಿಂದಿನದು, ೧೯೭೪ರದು. "ಎರಡು ಕೂಸು ಹೊಟ್ಟ್ಯಾಗ ಹೋಗಿದ್ವು. ಮೂರನೇದಕ್ಕ ಐದು ತಿಂಗಳು. ಸಲಿಕಿ ಹಾಕಿದ್ನಿರಿ, ತುಂಡೊಂದು ಪಟಪಟ ಒದ್ಯಾಡಾಕತ್ತಿತು. ಹಾವು ಕೊಂದ್ನಿ, ಇದೂ ಉಳಿಯಂಗಿಲ್ಲ ಅಂತ ಎದಿ ಒಡೀತು. ಎರಡು ದಿನ ತುತ್ತು ಇಳೀಲಿಲ್ಲ."

ಅತ್ತೆ ತಿಮ್ಮವ್ವ ದೋಷ ಕಳೆಯಲೆಂದು ಸತ್ತ ಹಾವಿಗೆ ಮಾಡುವ ಸಂಸ್ಕಾರವನ್ನೇ ಮಾಡಿದರು. ಹೊಸ ಬಟ್ಟೆ ಸುತ್ತಿ, ಹಾಲು ತುಪ್ಪ ಎರೆದು ಸುಟ್ಟರು. ತಲೆ ಯಾವ ಕಡೆ ಎಂದು ತಿಳಿಯದೆ ಎರಡೂ ತುದಿಗೆ ಹಾಲು ಬಿಟ್ಟರಂತೆ!

ಮೂರನೆಯ ದಿನ ಅದೇ ತಿಪ್ಪೆಯಲ್ಲಿ ಮೋಟುಬಾಲದ ಜೀವವೊಂದು ಹರಿದಾಡುತ್ತಿತ್ತು. ಪೆಟ್ಟು ಬಿದ್ದೊಡನೆ ಬಾಲ ಕಳಚಿ ಪಾರಾಗಿತ್ತು. ಸುಟ್ಟದ್ದು ಬರೀ ಬಾಲ. "ಅತ್ತೀನ್ನ ಕರದು ತೋರಿಸಿದ್ನಿ. 'ಯವ್ವಾ, ನಾವು ಬಾಲಕ್ಕ ಹಾಲು ಕುಡಿಸೀವಲ್ಲಬೇ' ಅಂದ್ಲು. ಇಬ್ರೂ ತಿಪ್ಪ್ಯಾಗ ಕುಂತು ನಕ್ಕಿವ್ರಿ. ಅವತ್ತ ಹೊಟ್ಟಿ ತುಂಬ ಉಂಡ್ನಿ."

ಮಗಳು ಅಯ್ಯಮ್ಮ ಹುಟ್ಟಿದಳು, ಉಳಿದಳು. ಈಗ ಒಂಬತ್ತರ ಹುಡುಗಿ, ಶಾಲೆಗೆ ಹೋಗುತ್ತಾಳೆ. ಅದನ್ನು ಹೇಳುವಾಗ ಗದ್ದೆಮ್ಮನ ಮುಖ ನೋಡಿ ನನಗೂ ಖುಷಿಯಾಗುತ್ತದೆ.

ಹಾವಲ್ಲವೆಂದು ಗೊತ್ತಾದ ಮೇಲೂ ಇಷ್ಟು ಜೋಪಾನ ಯಾಕೆ ಎಂದು ಕೇಳುತ್ತೇನೆ. ಅವರು ಬುಟ್ಟಿ ತಲೆಗೇರಿಸಿಕೊಳ್ಳುತ್ತಾರೆ.

"ಹಾವಲ್ಲ ಖರೆ. ಆದ್ರ ಅದೂ ಬಸುರಿ ಇದ್ದರ?"