ದೀಕ್ಷಿತರ ಹೆಬ್ಬೆರಳು

ನಂಜುಂಡ ದೀಕ್ಷಿತರ ಬಲಗಾಲಿನ ಹೆಬ್ಬೆರಳ ಉಗುರು ಟಗರಿನ ಕೊಂಬಿನ ತುಂಡಿನಂತೆ ದಪ್ಪವಾಗಿ, ಹಳದಿಗಟ್ಟಿ, ತುದಿಯಲ್ಲಿ ಬಾಗಿತ್ತು. ಎಪ್ಪತ್ತರ ದಶಕದಲ್ಲಿ, ಹಳೆಯ ಯಲಹಂಕದ ಅವರ ಮನೆಯ ಜಗಲಿಯ ಮೇಲೆ, ನಾವು ಏಳೆಂಟು ಜನ ಅವರಿಂದ ಸಂಸ್ಕೃತ ಕಲಿತೆವು. ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದ ನನಗೆ ಸಂಜೆಯ ಆ ಪಾಠ ಪೂಜೆಯಷ್ಟೇ ಪವಿತ್ರವಾಗಿತ್ತು.

ಅವರು ಚಪ್ಪಲಿ ಮೆಟ್ಟಿದವರಲ್ಲ. ಪ್ರಾಯದಲ್ಲಿ ರೈಲು ಹಳಿಯ ಜಲ್ಲಿಗೆ ಎಡವಿ ಕಿತ್ತುಹೋದ ಉಗುರು, ಮತ್ತೆ ಹುಟ್ಟುವಾಗ ದಪ್ಪವಾಗಿಯೇ ಹುಟ್ಟಿತಂತೆ. ಪೌರೋಹಿತ್ಯದ ಮಡಿಯಲ್ಲಿ ಅರ್ಧ ದಿನ ಒದ್ದೆಯಾಗಿರುತ್ತಿದ್ದ ಕಾಲಿಗೆ ಒಣಗಲು ಬಿಡುವಿರಲಿಲ್ಲ. ಉಗುರು ತೆಗೆಯಲು ಒಳ್ಳೆಯ ದಿನವೂ ಕೂಡಿಬರುತ್ತಿರಲಿಲ್ಲ. ಮಂಗಳವಾರ, ಶುಕ್ರವಾರ ಆಗದು. ಏಕಾದಶಿ, ಅಮಾವಾಸ್ಯೆ ಆಗದು. ಉಳಿದ ದಿನ ಯಾರದೋ ಮನೆಯ ಶ್ರಾದ್ಧ. ನೆನಪಿಸಿದರೆ, "ಉಗುರೇನು ಓಡಿಹೋಗತ್ತೇನಯ್ಯಾ? ಉತ್ತರಾಯಣ ಬರ್ಲಿ ಬಿಡು" ಎಂದು ನಗುತ್ತಿದ್ದರು. ಗುರುಪೂರ್ಣಿಮೆಯಂದು ನಾವು ಆ ಉಗುರು ಕಾಣದಷ್ಟು ಗಂಧ ಲೇಪಿಸಿ, ಮೇಲೆ ತುಳಸಿ ಇಡುತ್ತಿದ್ದೆವು.

ಒಂದು ಬುಧವಾರ ಬೆಳಿಗ್ಗೆ ಹೋದಾಗ ಅವರು ಅಡಕತ್ತರಿಯಿಂದ ಉಗುರನ್ನು ಕತ್ತರಿಸುತ್ತಿದ್ದರು. ಬೆರಳಿನ ಬದಿ ಸೀಳಿ ನೆತ್ತರು ಇಳಿಯುತ್ತಿತ್ತು.

"ಗುರುಗಳೇ, ರಕ್ತ!"

"ಹೌದೇನು? ನೋವೇ ಆಗ್ಲಿಲ್ವಲ್ಲಯ್ಯಾ."

ದೇಹಾಭಿಮಾನ ಕಳೆದ ಜ್ಞಾನಿಯನ್ನೇ ಕಂಡೆನೆಂದು ನನಗೆ ರೋಮಾಂಚನವಾಯಿತು. ಗಾಯಕ್ಕೆ ಅರಿಶಿನ ಮೆತ್ತಿ, ಕೈಮುಗಿದು, ಕೆಲಸಕ್ಕೆ ಹೋದೆ. ಉಳಿದ ಶಿಷ್ಯರಿಗೆ ಹೆಮ್ಮೆಯಿಂದ ಹೇಳಿಯೂ ಹೇಳಿದೆ.

ಹದಿನೈದು ದಿನಗಳಲ್ಲಿ ಬೆರಳು ಕಪ್ಪಾಯಿತು. ಆಸ್ಪತ್ರೆಯ ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದರು.

"ಸಕ್ಕರೆ ಕಾಯಿಲೆ ಕಣ್ರೀ. ಕಾಲಲ್ಲಿ ಸ್ಪರ್ಶವೇ ಇಲ್ಲ, ನೋವು ಎಲ್ಲಿಂದ ಬರ್ಬೇಕು? ಉಗುರಿಗೆ ಬೂಷ್ಟು ಬೇರೆ ಹಿಡಿದಿದೆ. ದಿನಾ ಬೆರಳ ಸಂದು ಒಣಗಿಸಿ, ಮೊದ್ಲೇ ಇಲ್ಲಿಗೆ ಕರ್ಕೊಂಡು ಬಂದಿದ್ರೆ ಮೆತ್ತಗೆ ಉಜ್ಜಿ ತೆಳುವಾಗಿಸ್ತಿದ್ವಿ. ಈಗ್ಲೂ ಬಂದವರೆಲ್ಲ ಕಾಲಿಗೆ ಬೀಳ್ತಿದೀರಿ. ಇಷ್ಟು ದಿನ ಒಬ್ರೂ ಆ ಕಾಲು ನೋಡ್ಲಿಲ್ವಾ?"

ಮರುದಿನ ಬಲಗಾಲಿನ ಪಾದವನ್ನೇ ತೆಗೆದರು.

ಅವರನ್ನು ಕಡೆಯ ಬಾರಿ ಕಂಡದ್ದು ಯಶವಂತಪುರದಲ್ಲಿ, ಮಗಳ ಮನೆಯಲ್ಲಿ. ಕುರ್ಚಿಯಲ್ಲಿ ಕುಳಿತಿದ್ದರು. ನಮಸ್ಕರಿಸಲು ಬಾಗಿದವನು ತಲೆಯನ್ನು ಎಲ್ಲಿಡುವುದೆಂದು ತಿಳಿಯದೆ ಹಾಗೆಯೇ ಉಳಿದೆ. ಅವರು ಪಂಚೆ ಸರಿಸಿ ಎಡಗಾಲನ್ನು ಮುಂದಕ್ಕೆ ಚಾಚಿದರು.

"ಇದಿನ್ನೂ ಇದೆ ಕಣಯ್ಯಾ. ಮೊದ್ಲು ಚೆನ್ನಾಗಿ ನೋಡು. ನಮಸ್ಕಾರ ಆಮೇಲೆ."

ಎಷ್ಟೋ ವರ್ಷಗಳ ಮೇಲೆ ಮೊದಲ ಬಾರಿಗೆ ನೋಡಿದೆ. ಉಗುರಿನ ಅಂಚು ಹಳದಿಗೆ ತಿರುಗಿತ್ತು. ಆ ಹೆಬ್ಬೆರಳನ್ನು ಎರಡೂ ಕೈಗಳಲ್ಲಿ ಹಿಡಿದು, ಮೆಲ್ಲನೆ, ಆಮೇಲೆ ಬಲವಾಗಿ ಒತ್ತಿದೆ.

ದೀಕ್ಷಿತರು ಕಣ್ಣು ಮುಚ್ಚಿ ಕಾಯುತ್ತಿದ್ದರು.

"ಯಾಕಯ್ಯಾ," ಎಂದರು, "ಇನ್ನೂ ಮುಟ್ಟಲೇ ಇಲ್ಲ?"