ಮುಚ್ಚಳದ ಪಾಠ

ನಮ್ಮ ವಿಜ್ಞಾನದ ಟೀಚರು ಬಡಗಿಯ ಹಾಗೆ ಬಲಗಿವಿಯ ಮೇಲೆ ಒಂದು ಕೆಂಪು ಪೆನ್ಸಿಲ್ಲು ಸಿಕ್ಕಿಸಿಕೊಂಡಿರುತ್ತಿದ್ದರು. ಪಾಠದ ಭರದಲ್ಲಿ ಅದನ್ನು ಮರೆತು ಮೇಜೆಲ್ಲ ಹುಡುಕುವರು. ನಾವು ಕಿಸಕ್ಕೆಂದರೆ, "ನಗಿ ನಗಿ, ನಿಮಗೂ ವಯಸ್ಸಾಗುತ್ತದೆ" ಎಂದು ಹಿಂದಿಯಲ್ಲಿ ಗದರಿ ತಾವೂ ನಗುವರು.

ಶಾಲೆಗೆಲ್ಲ ಅವರು 'ಬೆನ್', ಗುಜರಾತಿಯ ಅಕ್ಕ. ಕನ್ನಡದವಳಾದ ನನಗೊಬ್ಬಳಿಗೆ ಅಕ್ಕೋರು. ವಿಮಾ ಕಚೇರಿಯ ಗಂಡನ ವರ್ಗಾವಣೆಯ ಹಿಂದೆ ಬೆಳಗಾವಿಯಿಂದ ಅಹಮದಾಬಾದಿಗೆ ಬಂದವರು. ನನ್ನಪ್ಪ ಮಣಿನಗರ ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ನಮ್ಮದು ಹಿಂದಿ ಮಾಧ್ಯಮದ ಸರ್ಕಾರಿ ಶಾಲೆ. ಗಾಳಿ ತಿರುಗಿದರೆ ವಟ್ವಾದ ಬಣ್ಣದ ಕಾರ್ಖಾನೆಗಳ ವಾಸನೆ ಕ್ಲಾಸಿನೊಳಗೇ ಬಂದು ಕೂರುತ್ತಿತ್ತು. ಅರ್ಧ ಮಕ್ಕಳ ಮನೆಯ ಅನ್ನವೂ ಅಲ್ಲಿಂದಲೇ.

ಏಳನೇ ತರಗತಿಯಲ್ಲಿ ಅಕ್ಕೋರು ಎರಡು ಗಾಜಿನ ಬರಣಿಗಳಲ್ಲಿ ಥರ್ಮಾಮೀಟರ್ ಇಟ್ಟು, ಒಂದಕ್ಕೆ ಮುಚ್ಚಳ ಹಾಕಿ, ಎರಡನ್ನೂ ಬಿಸಿಲಿಗಿಟ್ಟರು. ಮುಚ್ಚಿದ್ದು ಬೇಗ ಕಾಯಿತು. ಭೂಮಿಗೂ ಗಾಳಿಯದೊಂದು ಮುಚ್ಚಳವಿದೆ, ಕಲ್ಲಿದ್ದಲು, ಎಣ್ಣೆ ಸುಟ್ಟ ಹೊಗೆ ಅದನ್ನು ದಪ್ಪ ಮಾಡುತ್ತಿದೆ ಎಂದರು. ಒಬ್ಬ ಹುಡುಗಿ ಎದ್ದು, "ನಮ್ಮಪ್ಪನ ಕಾರ್ಖಾನೆಯದೂ?" ಎಂದಳು.

"ಕಲ್ಲಿದ್ದಲು ಸುಡುತ್ತಾರಾ? ಹಾಗಾದರೆ ಹೌದು. ನನ್ನ ಗಂಡನ ಸ್ಕೂಟರಿನದೂ ಹೌದು."

ಸ್ಕೂಟರಿನ ಮಾತು ಯಾರಿಗೂ ಕೇಳಿಸಲಿಲ್ಲ, ಕಾರ್ಖಾನೆಯ ಮಾತು ಊರೆಲ್ಲ ಸುತ್ತಿತು. ವಾರ್ಡಿನ ಪುಢಾರಿ ಶಾಲೆಗೇ ಬಂದ. "ಗಿಡ ನೆಡಿಸಿ, ಪ್ಲಾಸ್ಟಿಕ್ ಆಯಿಸಿ, ಅದು ಪರಿಸರ. ಚಿಮಣಿಯ ಮಾತು ರಾಜಕೀಯ."

"ಹೊಗೆಗೆ ಯಾವ ಪಕ್ಷದ ಟಿಕೆಟ್ ಕೊಟ್ಟಿದ್ದೀರಿ ಸಾಹೇಬ್?" ಎಂದರು ಅಕ್ಕೋರು. ಅವರ ಬಾಯಿಗೆ ಬೀಗವಿರಲಿಲ್ಲ, ನಿಜ. ಇದ್ದಿದ್ದರೆ ನನಗೆ ಅವರು ಅಷ್ಟು ಇಷ್ಟವಾಗುತ್ತಿರಲಿಲ್ಲ.

ವಾರದೊಳಗೆ ಮೇಲಿನ ಕಚೇರಿಯಿಂದ ಒಬ್ಬ ಸೂಪರ್‌ವೈಸರ್ ಬಂದ. ಎಲ್ಲರೂ ನೋಟ್‌ಬುಕ್ಕಿನಿಂದ ಆ ಪಾಠದ ಹಾಳೆ ಹರಿದು ಮೇಜಿನ ಮೇಲಿಡಬೇಕು ಎಂದ. ಹೇಳಿದ್ದನ್ನು ಮಾಡುವುದೇ ಒಳ್ಳೆಯ ಗುಣವೆಂದು ಬೆಳೆದವಳು ನಾನು, ಎಲ್ಲರಿಗಿಂತ ಮೊದಲು ಹರಿದೆ. ಆ ಪರ್ ಎಂಬ ಸದ್ದಿಗೆ ಅಕ್ಕೋರು ತಿರುಗಿದರು. ಬೈಯಲಿಲ್ಲ. ಸೂಪರ್‌ವೈಸರನ ಎದುರು ಹೋಗಿ ನಿಂತರು.

"ಮಕ್ಕಳ ಕೈಯಿಂದ ಮಾಡಿಸಬೇಡಿ. ಹರಿಯಲೇಬೇಕಿದ್ದರೆ ನೀವೇ ಹರಿಯಿರಿ."

ಅವನು ಹರಿಯತೊಡಗಿದ. ಪಿನ್ನು ಹೊಡೆದ ನೋಟ್‌ಬುಕ್, ಒಂದು ಹಾಳೆ ಕಿತ್ತರೆ ಅದರ ಜೋಡಿ ಹಾಳೆಯೂ ಕಳಚಿ ಬೀಳುತ್ತದೆ. ಬಿದ್ದದ್ದು ಸರ್ಕಾರವೇ ಕಡ್ಡಾಯ ಮಾಡಿದ್ದ ಗಿಡ ನೆಡುವ ಪಾಠ! ಐದನೆಯ ಪುಸ್ತಕಕ್ಕೆ ಅವನ ಕೈ ನಿಂತಿತು. "ತಪ್ಪು ಕಲಿಸಿದೆ ಅಂತ ಬರೆದುಕೊಡಿ, ಇಲ್ಲಿಗೇ ಮುಗಿಸೋಣ" ಎಂದು ಕಾಗದ ಚಾಚಿದ. ಅಕ್ಕೋರು ಬರೆದರು: ಕಲಿಸಿದ್ದೇನೆ, ತಪ್ಪಿಲ್ಲ. ಕೆಳಗೆ ಸಹಿ.

ಅಂದು ಶಾಲೆ ಬಿಟ್ಟಾಗ ಗೇಟಿನಲ್ಲಿ ಅಳುತ್ತ ನಿಂತಿದ್ದೆ. ಅಕ್ಕೋರು ಬಂದು ನಾನು ಹರಿದ ಹಾಳೆಯನ್ನು ನನ್ನ ಕೈಗೇ ಇಟ್ಟರು. "ಅಳಬ್ಯಾಡ. ಹೆದರಿಕಿ ಎಲ್ಲಾರಿಗೂ ಆಗ್ತದ. ನಾಳಿಗೆ ಇದನ್ನ ಛಂದಂಗ ಮತ್ತ ಬರಕೊಂಡ ಬಾ."

ಬರೆದುಕೊಂಡು ಹೋದೆ, ಅಕ್ಕೋರಿರಲಿಲ್ಲ. ಸ್ಯಾಟಲೈಟ್ ಬಡಾವಣೆಯಿಂದಾಚೆಯ ಯಾವುದೋ ಶಾಲೆಗೆ, ಎರಡು ಬಸ್ಸು ಬದಲಿಸುವಷ್ಟು ದೂರಕ್ಕೆ ಎತ್ತಿಹಾಕಿದ್ದರು. ಬರಣಿಗಳನ್ನೂ ಹೊತ್ತೊಯ್ದು ಅಲ್ಲಿಯೂ ಅದೇ ಪಾಠ ಮಾಡಿದರಂತೆ. ಕೇಳಿ ನನಗೆ ಕುಣಿಯುವಷ್ಟು ಖುಷಿಯಾಗಿತ್ತು.

ಹೋದ ವರ್ಷ ಅಕ್ಕೋರು ತೀರಿಕೊಂಡರು. ನಾನೀಗ ವಡೋದರಾದಲ್ಲಿ ವಿಜ್ಞಾನ ಕಲಿಸುತ್ತೇನೆ. ಮೊನ್ನೆ ಹೆಡ್‌ಮಾಸ್ತರರು ಕರೆದು, ಹವಾಮಾನ ಬದಲಾವಣೆಯ ಪಾಠ ಈ ಸಲ ಬೇಡ, ಮೇಲಿನವರಿಗೆ ಇಷ್ಟವಿಲ್ಲ ಎಂದರು. ನನಗೆ ಹೆದರಿಕೆಯಾದದ್ದು ಸುಳ್ಳಲ್ಲ.

"ಬರೆದು ಕೊಡಿ ಸರ್" ಎಂದೆ.

ಅವರು ಕೈಯಲ್ಲಿದ್ದ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು. ನಾನು ಕ್ಲಾಸಿಗೆ ಹೋಗಿ ಅದೇ ಪಾಠ ಮಾಡಿದೆ.